ಮೇಲೆ ಕೆಂಪು ದಾರ, ನೀರೊಳಗೆ ಬಿಳಿ ದಾರ

ಅಮಾವಾಸ್ಯೆಯ ದಿನ ಮೊಳಕಾಲ್ಮೂರಿನ ಮಗ್ಗಗಳಿಗೆ ರಜೆ, ಪಾಪಕ್ಕನಿಗೂ ರಜೆ. ಸೀರೆಯ ಉದ್ದಕ್ಕೂ ಹಾಯುವ ಹೊಸ ಹಾಸಿನ ರೇಷ್ಮೆ ಎಳೆಗಳನ್ನು ಮಗ್ಗದ ಮೇಲಿರುವ ಹಳೆ ಎಳೆಗಳಿಗೆ ಒಂದೊಂದಾಗಿ ಸೇರಿಸುವುದು ಅರವತ್ತೆರಡರ ಈ ಹೆಂಗಸಿನ ಕೆಲಸ. ಬೆರಳಿಗೆ ಚೂರು ಬೂದಿ ಮುಟ್ಟಿಸಿ ಎರಡು ತುದಿ ಹೊಸೆದಳೆಂದರೆ ಆಯಿತು, ಗಂಟೇ ಬೇಡ.

ಆದರೆ ಮೂರು ತಿಂಗಳಿಂದ ಎಳೆಗಳೆಲ್ಲ ಮಂಜು ಮಂಜು. ಕಣ್ಣಿನ ಪೊರೆಯಲ್ಲ, ನರದ ತೊಂದರೆ, ಇನ್ನು ಇಷ್ಟೇ ಎಂದಿದ್ದರು ಡಾಕ್ಟರು. ಅವಳು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಹೋದ ವಾರ ನೇಕಾರ ಮುರುಗೇಂದ್ರಪ್ಪನ ಮಗ್ಗದಲ್ಲಿ ಕೆಂಪಿಗೆ ಹಸಿರು ಸೇರಿಸಿಬಿಟ್ಟಳು. ಆತ ಏನೂ ಅನ್ನದೆ ಬಿಚ್ಚಿ ಸರಿಮಾಡಿಕೊಂಡ. ಅಯ್ಯೋ, ಬೈದಿದ್ದರೆ ಎಷ್ಟೋ ವಾಸಿಯಿತ್ತು! ನಾಳೆ ಅವನ ಇನ್ನೊಂದು ಮಗ್ಗಕ್ಕೆ ಹೋಗಬೇಕು. ಹೋಗುವುದೋ, ಕೆಲಸಕ್ಕೇ ಕೈಮುಗಿಯುವುದೋ? ತಲೆ ಕೆಟ್ಟು, ಗಾಳದ ಕೋಲು ಹಿಡಿದು ಕೆರೆಗೆ ಹೊರಟಳು.

ಹಳೇ ದಾರ ಸವೆದಿತ್ತು. ಬಜಾರಿನಲ್ಲಿ ರೋಷನ್ ಬೀ ಅಂಗಡಿಗೆ ಹೋಗಿ, “ಕೆಂಪಂದು ಕೊಡಮ್ಮ, ದಪ್ಪಂದು” ಎಂದಳು.

“ಗಟ್ಟಿ ಐತೆ ಅಕ್ಕ, ದೊಡ್ಡ ಮೀನು ಎಳೆದ್ರೂ ಕಿತ್ತೋಗಲ್ಲ. ಆದ್ರೆ ಮೀನಿಗೂ ಕಣ್ಣೈತೆ!” ರೋಷನ್ ಬೀ ನಕ್ಕು, ನೀರಿನಂಥ ಬಿಳಿಯ ಸಣ್ಣ ದಾರವನ್ನೂ ಎರಡು ಗಾಳವನ್ನೂ ಕೈಗಿಟ್ಟಳು. “ಮೇಲೆ ಕೆಂಪು, ನಿಂಗೆ ಕಾಣಕ್ಕೆ. ಕೆಳಗೆ ಇದು ಎರಡು ಮೊಳ, ಮೀನಿಗೆ ಕಾಣ್ದಂಗೆ. ಎರಡೂ ಸೇರಿಸ್ಕೊ.”

ಸೇರಿಸುವುದೇನು ಪಾಪಕ್ಕನಿಗೆ ಹೇಳಿಕೊಡಬೇಕೇ? ಕೆರೆ ದಂಡೆಯಲ್ಲಿ ಕೂತು, ಎಲೆಅಡಿಕೆ ಚೀಲದ ಬೂದಿ ಮುಟ್ಟಿ, ಎರಡು ತುದಿ ಹೊಸೆದಳು. ಕೆಂಪು ಗೆರೆಯೊಂದು ಗಾಳಿಯಲ್ಲಿ ಇಳಿದು ನೀರಿಗೆ ಮುಟ್ಟುವ ಮೊದಲೇ ಇಲ್ಲವಾಗುತ್ತಿತ್ತು. ಬಂಡೆ, ಮೋಡ, ಜಾಲಿ ಮರ ಎಲ್ಲವೂ ಕರಗಿ ಒಂದೇ ಬೆಳಕಾಗಿದ್ದವು. ಆ ಬೆಳಕಿನಲ್ಲಿ ಕೂತವಳಿಗೆ ತಾನು ಎಚ್ಚರವಾಗಿದ್ದೇನೆಯೋ ಇಲ್ಲವೋ ತಿಳಿಯದಾಯಿತು.

ಥಟ್ಟನೆ ಕೋಲು ಬಾಗಿತು. ಎಳೆದಳು. ಹೊಸೆದದ್ದು ಜಾರಿ, ಮೀನು ಗಾಳ ಸಮೇತ ನಡೆದೇಬಿಟ್ಟಿತು!

“ಥೂ ನನ್ನ ಬುದ್ಧಿಗಿಷ್ಟು! ಇದೇನು ರೇಷ್ಮೆಯೇನೇ ಪಾಪಿ?” ಎಂದು ತನ್ನನ್ನೇ ಬೈದುಕೊಂಡು ನಕ್ಕಳು.

ಉಳಿದ ಬಿಳಿ ದಾರ ಕಣ್ಣಿಗೆ ಸಿಗಲೇ ಇಲ್ಲ. ಹಾಳಾಗಲಿ ಎಂದು ಕಣ್ಣು ಮುಚ್ಚಿದಳು. ಬೆರಳು ತಾನೇ ತುದಿ ಹುಡುಕಿತು, ಸುತ್ತಿತು, ತೂರಿಸಿತು. ಎಂಜಲು ಹಚ್ಚಿ ಗಂಟು ಬಿಗಿದಳು. ಇನ್ನೊಂದು ಗಾಳವನ್ನೂ ಹಾಗೇ ಕಟ್ಟಿದಳು. ಬಿಸಿಲು ಇಳಿಯುವ ಹೊತ್ತಿಗೆ ಮೊಳದುದ್ದದ ಗೆಂಡೆ ಮೀನು ದಡದಲ್ಲಿ ಒದ್ದಾಡುತ್ತಿತ್ತು, ಗಂಟು ಅಲ್ಲಾಡಿರಲಿಲ್ಲ. ಪಾಪಕ್ಕನಿಗೆ ಅಳು ಬಂತು. ಯಾರೂ ಇರಲಿಲ್ಲ, ಚೆನ್ನಾಗಿ ಅತ್ತಳು.

ಮರುದಿನ ಬೆಳಿಗ್ಗೆ ಮಗ್ಗದ ಮುಂದೆ ಕೂತವಳು ಮುರುಗೇಂದ್ರಪ್ಪನಿಗೆ ಹೇಳಿಯೇಬಿಟ್ಟಳು: “ಬಣ್ಣ ನಂಗೆ ಕಾಣಲ್ಲ ಕಣಪ್ಪ. ಬೆರಳು ಇನ್ನೂ ಕೈಕೊಟ್ಟಿಲ್ಲ. ಬ್ಯಾಡ ಅಂದ್ರೆ ಹೋಗ್ತೀನಿ.”

“ಗೊತ್ತಿತ್ತು ಕಣಕ್ಕ. ನೀನೇ ಹೇಳ್ಲಿ ಅಂತ ಸುಮ್ನಿದ್ದೆ.”

ಆತ ಹಾಸಿನ ಆಚೆ ಬದಿಗೆ ಬಂದು ಕೂತು, ಎರಡು ತುದಿ ಆರಿಸಿ ಅವಳ ಬೆರಳ ನಡುವೆ ಇಟ್ಟ.

“ಕೆಂಪು,” ಎಂದ.

ಪಾಪಕ್ಕ ಬೂದಿ ಮುಟ್ಟಿ ಹೊಸೆದಳು.