ಬಾದಶಾ ಮಲಗಿದ ಮಧ್ಯಾಹ್ನ

ನಾನು ಈ ತನಕ ಮಾಡಿದ ಮೋಸಗಳು ಹೆಚ್ಚೇನಿಲ್ಲ. ಕಾನ್ವೆಂಟಿನಲ್ಲಿ ಓದುವಾಗ ಒಮ್ಮೆ ಹೊಟ್ಟೆನೋವೆಂದು ಸುಳ್ಳು ಹೇಳಿ ಡ್ರಿಲ್ ತಪ್ಪಿಸಿಕೊಂಡಿದ್ದೆ. ನೆಂಟರಿಗೆಂದು ಮುಚ್ಚಿಟ್ಟಿದ್ದ ಕರ್ಜಿಕಾಯಿಯನ್ನು ಅವರು ಬರುವ ಮೊದಲೇ ರುಚಿ ನೋಡಿದ್ದೆ. ಇವೆರಡನ್ನೂ ದೇವರು ಆಗಲೇ ಮರೆತಿರಬೇಕು. ಆದರೆ ಮೂರನೆಯದೊಂದಿದೆ. ಸೋಲುತ್ತಿದ್ದ ಚದುರಂಗದಾಟವನ್ನು ಸೆರಗು ಬೀಸಿ ಕೆಡಿಸಿದ್ದು. ಗಾಳಿಗೆ ಹಾರಿದ ಸೆರಗಲ್ಲ ಅದು. ಮೇ ತಿಂಗಳ ಮಾನ್ವಿಯಲ್ಲಿ ಬೇವಿನ ಎಲೆ ಅಲುಗುವಷ್ಟು ಗಾಳಿಯೂ ಇರಲಿಲ್ಲ. ನಾನೇ ಬೀಸಿದ್ದು. ಆ ಆಟವನ್ನು ಬಿಡಬೇಕೋ ಬೇಡವೋ ಎಂದು ಎರಡು ವರ್ಷ ಒದ್ದಾಡಿದವಳ ಕೈ ಮಾಡಿದ ಕೆಲಸ.

ಚದುರಂಗ ಕಲಿತದ್ದು ರಾಯಚೂರಿನಲ್ಲಿ, ಶಾಲೆಯಲ್ಲಿ. ಏಪ್ರಿಲ್ ಬಂತೆಂದರೆ ಆಟದ ಬಯಲು ಹೆಂಚಿನ ಹಾಗೆ ಕಾಯುತ್ತಿತ್ತು. ಹುಡುಗಿಯರನ್ನು ಹೊರಗೆ ಬಿಡುವಂತಿಲ್ಲ, ಒಳಗೆ ಬಾಯಿ ಮುಚ್ಚಿಸಿ ಕೂರಿಸುವುದೂ ಆಗದ ಮಾತು. ಅದಕ್ಕೇ ಮಂಗಳೂರು ಕಡೆಯ ಸಿಸ್ಟರ್ ಒಬ್ಬರು ನಮಗೆ ಚೆಸ್ ಹಚ್ಚಿದರು. ಅವರ ಆಟದಲ್ಲಿ ಯುದ್ಧಕ್ಕಿಂತ ನಡಾವಳಿಯೇ ಹೆಚ್ಚು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಎದುರಿನವರ ರಾಜನಿಗೆ ಕುತ್ತು ತಂದಾಗ, ಬಾಗಿಲು ತಟ್ಟಿದ ಹಾಗೆ ಮೆಲ್ಲಗೆ ‘ಚೆಕ್’ ಎನ್ನಬೇಕು. ಸೋತರೆ ‘ಥ್ಯಾಂಕ್ಯೂ’ ಹೇಳಬೇಕು. ಇನ್ನು ದಾರಿಯೇ ಇಲ್ಲವೆಂದು ಗೊತ್ತಾದರೆ ತನ್ನ ರಾಜನನ್ನು ತಾನೇ ಹಲಗೆಯ ಮೇಲೆ ಮಲಗಿಸಿ ಎದ್ದುಬಿಡಬಹುದು. ಈ ಕೊನೆಯ ಪಾಠಕ್ಕೆ ನಾನು ಕಿವಿಗೊಡಲಿಲ್ಲ. ಯಾಕೆಂದರೆ ಅಲ್ಲಿ ಗೆಲ್ಲುತ್ತಿದ್ದವಳು ನಾನೇ. ಬಹುಮಾನವಾಗಿ ಬಂದ ಗುಲಾಬಿ ಬಣ್ಣದ ಸೋಪಿನ ಡಬ್ಬಿ ಮದುವೆಯ ಟ್ರಂಕಿನಲ್ಲಿ ಸೀರೆಗಳ ನಡುವೆ ಕುಳಿತು ಗಂಡನ ಊರು ಮಾನ್ವಿಗೂ ಬಂತು.

ಅದು ಎಪ್ಪತ್ತರ ದಶಕದ ಕೊನೆ. ನನ್ನ ಗಂಡ ಬಸವರಾಜರಿಗೆ ಊರಂಚಿನಲ್ಲಿ ಸಣ್ಣದೊಂದು ಅಕ್ಕಿ ಮಿಲ್ಲು. ಮಾವನವರು ದೇವದುರ್ಗದ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾಗಿ ಬಂದವರು. ಉರ್ದುವಿನಲ್ಲಿ ಓದಿದವರು. ಬೆಳಗ್ಗೆ ಲಿಂಗಪೂಜೆ, ಮಧ್ಯಾಹ್ನ ಶತರಂಜ್, ಎರಡಕ್ಕೂ ಒಂದೇ ಭಕ್ತಿ. ದೇವದುರ್ಗದಲ್ಲಿ ಅವರಿಗೆ ಜೋಡಿಯಾಗಿ ಕಚೇರಿಯವರೇ ಇದ್ದರು. ಮಾನ್ವಿಗೆ ಬಂದ ಮೇಲೆ ಯಾರೂ ಇರಲಿಲ್ಲ. ಬಟ್ಟೆಯ ಹಾಸನ್ನು ಮಣೆಯ ಮೇಲೆ ಹರಡಿ, ಕೆಂಪು ಹಸಿರು ಕಾಯಿಗಳನ್ನು ಜೋಡಿಸಿ, ಒಬ್ಬರೇ ಎರಡೂ ಕಡೆ ಆಡಿಕೊಳ್ಳುತ್ತಿದ್ದರು. ನನ್ನ ಸೋಪಿನ ಡಬ್ಬಿಯ ಚರಿತ್ರೆ ಕಿವಿಗೆ ಬಿದ್ದದ್ದೇ ತಡ, ಪಡಸಾಲೆಯಲ್ಲಿ ಎದುರಿನ ಚಾಪೆ ನನ್ನದಾಯಿತು.

ತೊಡಕಿದ್ದದ್ದು ಬೇರೆ. ನಮ್ಮ ಮನೆಯಲ್ಲಿ ಸೊಸೆ ಮಾವನೊಂದಿಗೆ ನೇರ ಮಾತಾಡುವ ರೂಢಿಯಿರಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು, ಓರೆಯಾಗಿ ಕುಳಿತು, ಹೇಳಬೇಕಾದ್ದನ್ನು ಅತ್ತೆಯ ಮೂಲಕವೇ ಹೇಳಬೇಕು, ಮಾವನವರು ಎರಡು ಮೊಳ ದೂರದಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರೂ. ಊಟ, ನೀರು, ಚಹಾಕ್ಕೆ ಇದು ನಡೆಯುತ್ತದೆ. ಆದರೆ ರಾಜನಿಗೆ ಕುತ್ತು ಬಂದದ್ದನ್ನು? ಅದೂ ಹಾಗೆಯೇ ನಡೆಯಿತು. ಅತ್ತೆ ಪಕ್ಕದಲ್ಲಿ ಮೊರ ಹಿಡಿದು ತೊಗರಿಬೇಳೆ ಆರಿಸುತ್ತ ಕೂರುತ್ತಿದ್ದರು.

“ಅತ್ತಿ, ಮಾವಾರ ಬಾದಶಾಗ ಶಹ ಬಿದ್ದದ ಅಂತ ಹೇಳ್ರಿ.”

“ಏನ್ರಿ, ನಿಮಗ ಶಹ ಬಿದ್ದದಂತ.”

“ನೋಡೀನಿ ಅಂತ ಹೇಳು.”

“ನೋಡ್ಯಾರಂತ ಬೇ.”

ಹೀಗೆ ನನ್ನ ಒಂದು ಶಹ ಬೇಳೆಯ ಮೊರ ಹಾದು ಹೋಗಿ ಬರುವಷ್ಟರಲ್ಲಿ ಅದರ ಕಾವೆಲ್ಲ ಆರಿಹೋಗುತ್ತಿತ್ತು. ಮೊದಲ ದಿನ ಸೋತಾಗ ಸಿಸ್ಟರ್ ಕಲಿಸಿದಂತೆ, ಅಭ್ಯಾಸಬಲದಿಂದ ‘ಥ್ಯಾಂಕ್ಯೂ’ ಎಂದುಬಿಟ್ಟೆ. ಮಾವನವರು ಹೆಂಡತಿಯತ್ತ ತಿರುಗಿ, “ಏನಂದ್ಳು?” ಎಂದರು. ಅತ್ತೆ ಒಂದು ಕಲ್ಲನ್ನು ಹೆಕ್ಕಿ ಬಿಸಾಕಿ, “ಏನೋ ಇಂಗ್ಲಿಷ್‌ನ್ಯಾಗ ಬೈದ್ಳು” ಎಂದರು.

ಆಮೇಲೆ ಕಾಯ್ದೆಗಳ ಜಗಳ. ಅವರ ದೇಸಿ ಆಟದಲ್ಲಿ ಪ್ಯಾದೆ, ಅಂದರೆ ಸಿಪಾಯಿ, ಎಂದೂ ಎರಡು ಮನೆ ಜಿಗಿಯುವುದಿಲ್ಲ, ಒಂದೊಂದೇ ಹೆಜ್ಜೆ. ರಾಜನಿಗೆ ಶಹ ಬೀಳುವ ಮೊದಲು, ಇಡೀ ಆಟದಲ್ಲಿ ಒಂದೇ ಒಂದು ಸಲ, ಕುದುರೆಯ ಹಾಗೆ ನೆಗೆಯುವ ಹಕ್ಕುಂಟು. ನಾನು ರಾಜನನ್ನೂ ಆನೆಯನ್ನೂ ಒಂದೇ ಏಟಿಗೆ ಅದಲುಬದಲು ಮಾಡಿ ಕೋಟೆ ಕಟ್ಟಿಕೊಂಡಾಗ ಅವರು ಬಹಳ ಹೊತ್ತು ಹಾಸನ್ನೇ ನೋಡಿದರು. “ಬಸವರಾಜನ ಅವ್ವಾ, ಒಂದs ಸಲಕ್ಕ ಎರಡು ಕಾಯಿ ಎತ್ತಾಕತ್ತಾಳಲ್ಲ. ಕಾನ್ವೆಂಟಿನ್ಯಾಗ ಹಿಂಗ ಕಲಿಸ್ಯಾರೇನು ಕೇಳು.” ಕೋಟೆ ಅಲ್ಲಿಗೇ ಬಿತ್ತು. ಕಾನ್ವೆಂಟಿನ ಮಾನ ಉಳಿಸಲೆಂದೇ ನಾನು ಅವರ ಕಾಯ್ದೆಗೆ ಒಪ್ಪಿಕೊಂಡೆ, ಆಮೇಲೆ ಒಂದೇ ಸಮನೆ ಸೋತೆ. ಹಸಿರು ಕಡೆಯ ಒಂದು ಪ್ಯಾದೆ ಕಳೆದುಹೋಗಿ, ಅದರ ಜಾಗಕ್ಕೆ ಅಡಿಕೆಯೊಂದನ್ನು ಇಟ್ಟಿದ್ದರು. ಒಂದು ದಿನ ಮಾವನವರು ಆಳವಾದ ಯೋಚನೆಯಲ್ಲಿ ಆ ಅಡಿಕೆಯನ್ನು ಬಾಯಿಗೆ ಹಾಕಿಕೊಂಡರು. “ನಿಮ್ಮ ಸಿಪಾಯಿನ್ನ ನೀವs ತಿಂದ್ರಲ್ರೀ” ಎಂದು ಅತ್ತೆ ಕೂಗಿದರು. ಒಬ್ಬ ಸಿಪಾಯಿ ಕಡಿಮೆಯಿದ್ದೂ ಆ ಆಟವನ್ನು ಗೆದ್ದವರು ಅವರೇ.

ಸೋಲು ದೊಡ್ಡದಲ್ಲ, ಅದರ ಹಿಂದೆ ಬರುವ ಸಿಟ್ಟು ದೊಡ್ಡದು. ಮಾವನವರ ಮೇಲೆ ಸಿಟ್ಟು ತೋರಿಸುವಂತಿಲ್ಲ, ಅತ್ತೆಯ ಮೇಲೆ ಕಾರಣವಿಲ್ಲ. ಉಳಿದದ್ದು ಜೋಳದ ಹಿಟ್ಟು. ಸಂಜೆ ನಾನು ರೊಟ್ಟಿ ಬಡಿಯುವ ಸಪ್ಪಳ ಓಣಿಯ ಕೊನೆಗೂ ಮುಟ್ಟುತ್ತಿತ್ತು. ಮಿಲ್ಲಿನಿಂದ ಬರುವ ಗಂಡ ಚಪ್ಪಲಿ ಬಿಡುವ ಮೊದಲೇ, “ಇವತ್ತೂ ಸೋತ್ಯೇನು?” ಎನ್ನುತ್ತಿದ್ದರು. ರೊಟ್ಟಿಗಳು ಕಾಗದದಷ್ಟು ತೆಳ್ಳಗಾಗಿ ನೆರೆಹೊರೆಯಲ್ಲಿ ನನಗೆ ಹೆಸರು ಬಂತು. ಆ ಹೆಸರಿನ ಗುಟ್ಟು ನನಗೊಬ್ಬಳಿಗೇ ಗೊತ್ತು.

ಹಾಗಾದರೆ ಬಿಡಬಹುದಿತ್ತಲ್ಲ ಎನ್ನುತ್ತೀರಿ. ಅಷ್ಟು ಸುಲಭವಾಗಿದ್ದರೆ ನಾನಿದನ್ನು ಬರೆಯುತ್ತಲೇ ಇರಲಿಲ್ಲ. ಬಿಟ್ಟರೆ ಮಾವನವರು ಮತ್ತೆ ಒಬ್ಬರೇ ಎರಡೂ ಕಡೆ ಆಡಿಕೊಳ್ಳಬೇಕು, ಅದನ್ನು ನೆನೆದರೆ ಬಿಡಲು ಮನಸ್ಸಾಗುತ್ತಿರಲಿಲ್ಲ. ಬಿಡದಿದ್ದರೆ ಪ್ರತಿ ಮಧ್ಯಾಹ್ನ ನಾನು ನನಗೇ ಬೇಡವಾಗುತ್ತಿದ್ದೆ. ನಗುನಗುತ್ತ ಮಾತಾಡುವವಳು ಮೂರು ಗಂಟೆ ಸಮೀಪಿಸಿದಂತೆ ಮಾತು ನಿಲ್ಲಿಸುತ್ತಿದ್ದೆ. ಬಟ್ಟೆ ಮಡಚುವಾಗಲೂ ನಿನ್ನೆಯ ತಪ್ಪು ನಡೆಯನ್ನೇ ಮಡಚಿ ಬಿಚ್ಚುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ ಆ ದರಿದ್ರ ಸೋಪಿನ ಡಬ್ಬಿ ಬಚ್ಚಲಿನ ಗೂಡಿನಿಂದ ನನ್ನನ್ನೇ ನೋಡುತ್ತಿತ್ತು.

ಈ ಆಟ ನಮ್ಮ ನೆಲದಲ್ಲೇ ಹುಟ್ಟಿ, ಪರ್ಷಿಯಾ ಅರಬಸ್ತಾನಗಳನ್ನು ಸುತ್ತಿ ಯುರೋಪು ಸೇರಿತಂತೆ. ಅಲ್ಲಿ ಮಂತ್ರಿಯನ್ನು ರಾಣಿಯಾಗಿಸಿದರು, ಯಾವ ದಿಕ್ಕಿಗೆ ಬೇಕಾದರೂ ಓಡುವ ಬಲವನ್ನು ಅವಳಿಗೆ ಕೊಟ್ಟರು. ಅದೇ ಕಾಯಿ ಕಾನ್ವೆಂಟಿನಲ್ಲಿ ನನಗೆ ರಾಣಿ, ಮಾನ್ವಿಯಲ್ಲಿ ವಜೀರ. ನಮ್ಮ ಪಡಸಾಲೆಯ ಹಾಸಿನ ಮೇಲೆ ಹೆಂಗಸೇ ಇಲ್ಲವಲ್ಲ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಪಕ್ಕದಲ್ಲಿ ಕುಳಿತ ಹೆಂಗಸೊಬ್ಬಳನ್ನು ಮಾತ್ರ ನೆಟ್ಟಗೆ ನೋಡಿರಲಿಲ್ಲ.

ಸೆರಗಿನ ದಿನಕ್ಕೆ ಬರುತ್ತೇನೆ. ಅಂದು ಎಂದಿಲ್ಲದ ಹಾಗೆ ನನ್ನ ಕೈ ಮೇಲಾಗಿತ್ತು. ಮಾವನವರ ಬಾದಶಾನ ಸುತ್ತ ಒಂಟೆ, ಆನೆ, ವಜೀರರನ್ನು ತಂದು ಬಲೆ ಬೀಸಿದ್ದೆ. ಇನ್ನೊಂದೇ ನಡೆ, ಅಲ್ಲಿಗೆ ಆಟ ಮುಗಿಯಬೇಕು. ಸೆರಗಿನ ಮರೆಯಲ್ಲಿ ಆಗಲೇ ನಗುತ್ತಿದ್ದೆ. ಅವರು ಹೆಬ್ಬೆರಳಿನಿಂದ ಮೂಗು ಉಜ್ಜಿಕೊಂಡು ಬಾದಶಾನನ್ನು ಎತ್ತಿ, ಟಕ್ಕೆಂದು ಕುದುರೆಯ ಹಾಗೆ ನೆಗೆಸಿ ಬಲೆಯ ಹೊರಗೆ ಇಟ್ಟರು. ಆ ಒಂದು ಸಲದ ಹಕ್ಕು! ನಾನದನ್ನು ಮರೆತೇಬಿಟ್ಟಿದ್ದೆ. ನಾಲ್ಕು ನಡೆಯಲ್ಲಿ ನನ್ನ ವಜೀರ ಹೋದ. ನಾನು ನೀರು ಕುಡಿಯಲೆಂಬಂತೆ ಎದ್ದೆ. ಎದ್ದವಳ ಸೆರಗು ಹಾಸಿನ ಮೇಲೆ ಈ ಕಡೆಯಿಂದ ಆ ಕಡೆಗೆ ಗುಡಿಸಿಕೊಂಡು ಹೋಯಿತು.

ಮಾವನವರು ಸಿಟ್ಟಾಗಲಿಲ್ಲ. ಚಾಪೆಯ ಮೇಲೆ ಉರುಳಿದ್ದನ್ನೆಲ್ಲ ಹೆಕ್ಕಿ ಒಂದೊಂದಾಗಿ ಮತ್ತೆ ಅವುಗಳ ಮನೆಯಲ್ಲಿಟ್ಟರು. ನನ್ನ ಕಾಯಿಗಳನ್ನು ಇನ್ನೂ ಜೋಪಾನವಾಗಿ ಇಟ್ಟರು. ಕೊನೆಗೆ ನನ್ನ ಒಂಟೆಯನ್ನು ಕೈಯಲ್ಲಿ ಹಿಡಿದು, “ಇಕಿ ಒಂಟಿ ಇಲ್ಲೇ ಇತ್ತಲ್ಲ, ಕೇಳು” ಎಂದರು. ಅತ್ತೆ ಮೊರದಿಂದ ತಲೆಯೆತ್ತದೆ, “ಅಲ್ಲಲ್ರೀ, ಅದರ ಬಾಜೂ ಮನಿ” ಎಂದರು. ಒಂಟೆ ಪಕ್ಕದ ಮನೆಗೆ ಹೋಯಿತು. ನಾಚಿಕೆಯಿಂದ ನನ್ನ ಕಿವಿ ಎಷ್ಟು ಬಿಸಿಯಾಗಿತ್ತೆಂದರೆ ಆ ಮಾತು ಒಳಗೆ ಇಳಿಯಲೇ ಇಲ್ಲ. ಆಟ ಮುಂದುವರಿಯಿತು, ಸೋತೆ. ಅಂದು ರೊಟ್ಟಿಯ ಸಪ್ಪಳವೂ ಏಳಲಿಲ್ಲ. ಒಬ್ಬ ಒಳ್ಳೆಯ ಮನುಷ್ಯನ ಎದುರು ನನ್ನನ್ನು ಇಷ್ಟು ಸಣ್ಣವಳನ್ನಾಗಿಸುವ ಆಟ ನನಗೆ ಬೇಡವೆಂದು ತೀರ್ಮಾನಿಸಿದೆ.

ಮರುದಿನ ಕಾಯಿಗಳನ್ನು ಜೋಡಿಸಿಯಾಗಿತ್ತು. ನಾನು ಕುಳಿತೆ. ಮೊದಲ ನಡೆಗೂ ಮುಂಚೆ, ಸಿಸ್ಟರ್ ಕಲಿಸಿದ ಆ ಕೊನೆಯ ಪಾಠವನ್ನು ನೆನೆಸಿಕೊಂಡು, ನನ್ನ ಕೆಂಪು ಬಾದಶಾನನ್ನು ಹಾಸಿನ ಮೇಲೆ ಅಡ್ಡ ಮಲಗಿಸಿದೆ. ಮಾವನವರ ದೇಸಿ ಕಾಯ್ದೆಯಲ್ಲಿ ಇಂಥದ್ದೊಂದು ಇರಲೇ ಇಲ್ಲ. ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

“ಬಾದಶಾ ಯಾಕ ಮಲಗ್ಯಾನ? ಆರಾಮ ಇಲ್ಲೇನವಗ?”

ಎಷ್ಟೋ ಸಲ ನಾನು ಮನಸ್ಸಿನಲ್ಲೇ ಒಪ್ಪಿಸಿಕೊಂಡಿದ್ದ ಮಾತು, ಆದರೆ ‘ಅತ್ತಿ’ ಎಂಬುದರ ಮುಂದೆ ಒಂದಕ್ಷರ ಹೊರಡಲಿಲ್ಲ. ಅತ್ತೆ ನನ್ನ ಮುಖ ನೋಡಿದರು.

“ಅಂವಗೇನಾಗ್ಯದ್ರಿ, ಆರಾಮ ಅದಾನ. ಇಕಿಗೆ ಸಾಕಾಗ್ಯದ. ಎರಡು ವರ್ಷಾತು, ಆ ಹಿಟ್ಟು ಬಡಿಯೂದು ಕೇಳಂಗಿಲ್ಲೇನು ನಿಮಗ?”

ನಾನು ಹೆದರಿದ್ದು ಈ ಗಳಿಗೆಗೇ. ಮಾವನವರ ಬೆರಳು ಒಂದು ಕಿವಿ ಮುರಿದ ಕುದುರೆಯನ್ನು ಮೆಲ್ಲಗೆ ಸವರುತ್ತಿತ್ತು. ಆಗ ಅತ್ತೆ ಮೊರವನ್ನು ನನ್ನ ಮಡಿಲಿಗೆ ನೂಕಿ ಎದ್ದರು.

“ಸರಿ ಬೇ ಅತ್ಲಾಗ. ಬ್ಯಾಳಿ ಆರಿಸು.”

“ನೀ ಏನ್ ಮಾಡ್ತಿ?” ಎಂದರು ಮಾವನವರು.

“ಆಡ್ತೀನಿ. ಇಷ್ಟು ದಿನ ಇಬ್ಬರ ಸುದ್ದೀನೂ ಹೊತ್ತೀನಿ, ನನಗ ಬರಂಗಿಲ್ಲೇನು?”

ಕೂರುವ ಮೊದಲು ಸೆರಗನ್ನು ಎಳೆದು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಂಡರು. ನನ್ನ ಕಡೆ ಬಾಗಿ, ಮಾವನವರಿಗೆ ಕೇಳಿಸದಷ್ಟು ಸಣ್ಣಗೆ, “ಸೆರಗು ಭಾಳ ಕೆಟ್ಟದ್ದು ಯವ್ವಾ. ಗಾಳಿ ಇಲ್ಲಂದ್ರೂ ಹಾರ್ತದ” ಎಂದರು. ಆಮೇಲೆ ಮಲಗಿದ್ದ ಬಾದಶಾನನ್ನು ಎಬ್ಬಿಸಿ ನಿಲ್ಲಿಸಿದರು.

ಎದೆಯ ಮೇಲಿಂದ ಬೀಸುಕಲ್ಲು ಇಳಿಸಿಟ್ಟಂತಾಯಿತು. ಬೇಳೆಯಲ್ಲಿ ಎಷ್ಟು ಬಗೆಯ ಕಲ್ಲುಗಳಿರುತ್ತವೆ ಎಂಬುದನ್ನು ಅಂದೇ ನಾನು ಮೊದಲ ಸಲ ಸಾವಧಾನವಾಗಿ ನೋಡಿದ್ದು. ಪಕ್ಕದಲ್ಲಿ ಕುಳಿತರೆ ಆಟವೂ ಎಷ್ಟು ಚೆನ್ನಾಗಿ ಕಾಣುತ್ತದೆ! ಎರಡೂ ಕಡೆಯ ತಪ್ಪು ಗೊತ್ತಾಗುತ್ತದೆ, ಯಾವುದೂ ನಮ್ಮದಲ್ಲ. ಅತ್ತೆ ವಜೀರನನ್ನು ನಿಧಾನವಾಗಿ ತಳ್ಳಿದರು, ಯಾರ ಹತ್ತಿರವೂ ಹೇಳಿಕಳಿಸದೆ, ಓಣಿಗೆಲ್ಲ ಕೇಳುವ ಹಾಗೆ, “ಶಹ!” ಎಂದರು. ನಲವತ್ತು ವರ್ಷ ಸಂಸಾರ ಮಾಡಿದವರ ಗಂಟಲಿನಲ್ಲಿ ಆ ಶಬ್ದ ಎಲ್ಲಿ ಅಡಗಿತ್ತೋ! ಮಾವನವರು ಹಾಸನ್ನು ಬಿಟ್ಟು ಹೆಂಡತಿಯ ಮುಖವನ್ನು ನೋಡಿದರು. ಆಟದ ನಡುವೆ ಅವರು ತಲೆಯೆತ್ತಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಸಂಜೆ ಗಂಡ ಬಾಗಿಲಲ್ಲಿ ನಿಂತು ಕಿವಿಗೊಟ್ಟರು. “ಸಪ್ಪಳನs ಇಲ್ಲಲ್ಲ. ಗೆದ್ಯೇನು?”

“ಬಿಟ್ಟೆ” ಎಂದೆ. ಕೈಯಲ್ಲಿದ್ದ ರೊಟ್ಟಿಯನ್ನು ನೋಡಿದೆ. ಎಂದಿಗಿಂತ ದಪ್ಪಗಿತ್ತು. ಹೆಂಚಿಗೆ ಹಾಕಿದೆ, ಮೆಲ್ಲಗೆ ಉಬ್ಬಿತು. ಪಡಸಾಲೆಯಲ್ಲಿ ಮಾವನವರು ದೀಪ ಹಚ್ಚುವ ಹೊತ್ತಾದರೂ ಕಾಯಿಗಳನ್ನು ಎತ್ತಿಟ್ಟಿರಲಿಲ್ಲ. “ಇನ್ನೊಂದು ಆಟ” ಎಂದು ಅವರು ಕೇಳುತ್ತಿದ್ದರು, ಅತ್ತೆ “ನಾಳಿಗೆ” ಎನ್ನುತ್ತಿದ್ದರು.