ಅಕ್ಕ ಕೇಳಿದ ಖಾಲಿ ರೆಕಾರ್ಡಿಂಗ್

ಆ ದಿನ ಮಾಡಿದ ಕೆಲಸಗಳು: ನೀರು ಸೋಸಿ ಕೊಡ ತುಂಬಿದ್ದು, ಎಮ್ಮೆಗೆ ಹಿಂಡಿ ಇಟ್ಟದ್ದು, ಹಾಸಿಗೆ ಬಿಸಿಲಿಗೆ ಹಾಕಿದ್ದು, ಮಧ್ಯಾಹ್ನ ಹದಿನಾಲ್ಕು ರೊಟ್ಟಿ ಬಡಿದದ್ದು. ಕ್ಯಾಲೆಂಡರಿನ ಹಿಂಬದಿಯಲ್ಲಿ ಇಷ್ಟನ್ನು ಬರೆದಿಟ್ಟಿದ್ದೇನೆ. ಸಂಜೆಯದನ್ನು ಮಾತ್ರ ಬರೆಯಲಿಲ್ಲ. ದೆವ್ವ, ಪವಾಡ ಎಂದರೆ ನಗುವವಳು ನಾನು; ಬರೆದಿದ್ದರೆ ನನಗೇ ನಾಚಿಕೆಯಾಗುತ್ತಿತ್ತು. ಹತ್ತು ವರ್ಷ ಕಳೆದ ಮೇಲೆ ಈಗ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ನಾವಿರುವುದು ಕೊಗನೊಳ್ಳಿಯಲ್ಲಿ. ನಮ್ಮವರು ಸೊಸೈಟಿಯಲ್ಲಿ ಕ್ಲಾರ್ಕ್. ವಯಸ್ಸಿನಲ್ಲಿದ್ದಾಗ ಲಗ್ನದ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದರು. ತಾಯಿಯಿಲ್ಲದ ಅವರನ್ನು ಬೆಳೆಸಿದ್ದು ಅವರ ಅಕ್ಕ, ಪದ್ಮಕ್ಕ. ಅಕ್ಕನ ಒಂದು ಕಿವಿ ಎಂದೋ ಹೋಗಿತ್ತು. ಇನ್ನೊಂದಕ್ಕೆ ಮರುದಿನ ಬೆಳಿಗ್ಗೆ ನಿಪ್ಪಾಣಿಯಲ್ಲಿ ಆಪರೇಷನ್; ಆಗಲೇ ಅಲ್ಲಿಯ ಆಸ್ಪತ್ರೆಗೆ ಸೇರಿಸಿದ್ದೆವು. ಗಡ್ಡೆ ತೆಗೆಯದೆ ವಿಧಿಯಿಲ್ಲ, ತೆಗೆದರೆ ಆ ಕಿವಿಯೂ ಉಳಿಯಲಿಕ್ಕಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಕ್ಕ ಕೇಳಿದ್ದು ಒಂದೇ. ತಮ್ಮನನ್ನು ತೂಗುವಾಗ ತಾನು ಹಾಡುತ್ತಿದ್ದ ತೊಟ್ಟಿಲ ಪದವನ್ನು ಅವನ ಗಿಟಾರಿನಲ್ಲಿ ಇನ್ನೊಮ್ಮೆ ಕೇಳಬೇಕು.

ವಾರ್ಡಿನಲ್ಲಿ ಬಾರಿಸುವ ಹಾಗಿರಲಿಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದು ಅಕ್ಕನ ಕಿವಿಗೆ ಬರೀ ಗೊರಗೊರ. ಗಿಟಾರ್ ಜೋಡಿಸಿದ ಆಂಪ್ಲಿಫೈಯರಿನಿಂದ ಯುಎಸ್‌ಬಿ ವಾಯರ್ ಹಾಕಿ ನೇರ ಕಂಪ್ಯೂಟರಿಗೆ ಕೊಟ್ಟರೆ ಗಿಟಾರಿನ ದನಿಯೊಂದೇ ಸ್ವಚ್ಛ ಬರುತ್ತದೆ, ಮನೆಯ ಗದ್ದಲ ಸೇರುವುದಿಲ್ಲ ಎಂದು ಇವರು ಯಾರಿಂದಲೋ ಕೇಳಿ ಬಂದರು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅಕ್ಕನಂತೂ ಉಂಡು ಜಪಕ್ಕೆ ಕೂತರೆ ಆಮೇಲೆ ಯಾವ ಮಾತಿಗೂ ಕಿವಿಗೊಡುವವರಲ್ಲ. ಅದಕ್ಕೇ ಬುತ್ತಿ, ಹಾಡು ಎರಡನ್ನೂ ಹೊತ್ತಿರುವಾಗಲೇ ಮುಟ್ಟಿಸಬೇಕಿತ್ತು.

ಮೂರು ಗಂಟೆಗೆ ವಾಯರ್ ಚುಚ್ಚಿ ಬಾರಿಸಲು ಕೂತರು. ಪದದ ಮೂರನೇ ಸಾಲಿನಲ್ಲಿ ನನ್ನ ಕೈ ತಾಗಿ ನೀರಿನ ಚರಿಗೆ ಉರುಳಿತು. ಇವರು ಬೆಚ್ಚಿ ಎಡವಿದರು, ಮತ್ತೆ ಮೊದಲಿನಿಂದ ಹಿಡಿದು ಮುಗಿಸಿದರು. ನೋಡಿದರೆ ಕಂಪ್ಯೂಟರಿನಲ್ಲಿ ದನಿಯೇ ಇಲ್ಲ. ಪರದೆಯ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಸಪಾಟು ಗೆರೆ.

"ಮೊದಲ ಕಂಪ್ಯೂಟರಿಗೆ ಡ್ರೈವರ್ ಸಾಫ್ಟ್‌ವೇರ್ ಹಾಕಬೇಕಾಗಿತ್ತು, ಆಮ್ಯಾಲ ವಾಯರ್. ನಾ ಉಲ್ಟಾ ಮಾಡೇನಿ," ಎಂದರು.

"ಲಗ್ನದಾಗ ಇಷ್ಟ ತಡಾ ಮಾಡಿದ್ರ ಅಕ್ಕಿಕಾಳು ಬಿದ್ದು ಊಟಾನೂ ಮುಗೀತಿತ್ರಿ," ಎಂದೆ ನಾನು.

ವಾಯರ್ ತೆಗೆದು, ಡ್ರೈವರ್ ಹಾಕಿ, ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡುವಷ್ಟರಲ್ಲಿ ಐದು ಹೊಡೆಯಿತು. ಎರಡನೇ ಸಲ ಗೆರೆ ಜೋಳದ ತೆನೆಯ ಹಾಗೆ ಎದ್ದು ನಿಂತಿತು. ಇವರು ಒಂದೂ ತಪ್ಪಿಲ್ಲದೆ ಬಾರಿಸಿದರು. ನಾನು ಕೈಕಟ್ಟಿ ಕೂತಿದ್ದೆ. ಅವಸರದಲ್ಲಿ ಮೊಬೈಲಿಗೆ ಹಾಕಿಕೊಂಡು ಗಾಡಿ ಹತ್ತಿದೆವು. ಹಚ್ಚಿ ಕೇಳಿ ನೋಡಲೂ ಇಲ್ಲ.

ಅಕ್ಕ ಮಂಚದ ಮೇಲೆ ಕೂತು ದಾರಿ ಕಾಯುತ್ತಿದ್ದರು. ಒಳ್ಳೆಯ ಕಿವಿಗೆ ಇಯರ್‌ಫೋನ್ ಇಟ್ಟೆ. ಕಣ್ಣು ಮುಚ್ಚಿದರು. ಕೈ ತಾನಾಗಿ ತೊಟ್ಟಿಲು ತೂಗುವ ಹಾಗೆ ಹಿಂದೆ ಮುಂದೆ ಆಡುತ್ತಿತ್ತು. ಪೂರ್ತಿ ಕೇಳಿದ ಮೇಲೆ ತಮ್ಮನ ಮುಖ ನೋಡಿದರು.

"ಮೂರನೇ ಸಾಲಿನ್ಯಾಗ ಎಡವಿದಿ ನೋಡ ಬಾಳೂ. ಚಲೋ ಆತು, ಮತ್ತ ಮೊದಲಿಂದ ಹಿಡದಿ." ಆಮೇಲೆ ನನ್ನ ಕಡೆ ತಿರುಗಿದರು. "ನೀ ಏನ ಕೆಡವಿದಿ ಬೇ, ಚರಿಗಿನೋ ಏನೋ? ಅಂವಾ ಬಾರ್ಸು ಮುಂದರ ಸುಮ್ಮ ಕುಂಡ್ರಬಾರ್ದ?"

ಇವರು ಇಯರ್‌ಫೋನ್ ತಗೊಂಡು ತಮ್ಮ ಕಿವಿಗೆ ಇಟ್ಟುಕೊಂಡರು. ಆಮೇಲೆ ನನಗೆ ಕೊಟ್ಟರು. ಮೊಬೈಲಿನಲ್ಲಿ ಸಮಯ ಓಡುತ್ತಿತ್ತು, ದನಿ ಒಂದಿಷ್ಟೂ ಇರಲಿಲ್ಲ. ಇವರು ಹಾಕಿಕೊಂಡು ಬಂದದ್ದು ಮೊದಲನೆಯ, ಸಪಾಟು ಗೆರೆಯ ರೆಕಾರ್ಡಿಂಗು. ಎರಡನೆಯದು ಮನೆಯ ಕಂಪ್ಯೂಟರಿನಲ್ಲೇ ಉಳಿದಿತ್ತು.

ಆಪರೇಷನ್ನಿನಲ್ಲಿ ಅಕ್ಕ ಉಳಿದರು, ಕಿವಿ ಉಳಿಯಲಿಲ್ಲ. ತಪ್ಪಿಲ್ಲದ ಎರಡನೆಯದನ್ನು ಅವರು ಕೇಳಲೇ ಇಲ್ಲ. ತಮ್ಮ ಎಲ್ಲಿ ಎಡವುತ್ತಾನೆಂದು ಸಾಕಿದವರಿಗೆ ಗೊತ್ತಿರುತ್ತದೆ ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಆ ಚರಿಗೆ? ಡ್ರೈವರ್ ಸರಿಯಾಗಿ ಕೂತಿದ್ದರೂ ಆ ವಾಯರಿನಲ್ಲಿ ಚರಿಗೆಯ ಸಪ್ಪಳ ಬರುವ ಹಾಗಿರಲಿಲ್ಲ. ನನಗೆ ತಿಳಿದಿಲ್ಲ. ನಿಮಗೆ ತಿಳಿದರೆ ಹೇಳಿ.

ಆ ಸಂಜೆ ಕಿಟಕಿಯಲ್ಲಿ ಇನ್ನೂ ಬಿಸಿಲಿರುವಾಗ ಮೂವರೂ ಒಂದೇ ಡಬ್ಬಿಯಿಂದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಉಂಡೆವು. ಜಪ ಮುಗಿಸಿ ಎಲ್ಲರಿಗಿಂತ ಮೊದಲು ಅಕ್ಕ ನಿದ್ದೆ ಹೋದರು. ಆಮೇಲೆ ನಾನು. ನಮ್ಮವರು ಯಾವಾಗ ಮಲಗಿದರೋ ನೋಡಲಿಲ್ಲ.