ಕಾಫಿ ವಿರಾಮದಲ್ಲೊಂದು ಹೆರಿಗೆ

ಉತ್ತರ ಸ್ವೀಡನ್ನಿನ ಆ ಚಿಕ್ಕ ಊರಿನ ಹೆರಿಗೆ ವಾರ್ಡಿನಲ್ಲಿ ಗುನ್ವೋರ್ ಇಪ್ಪತ್ತೊಂಬತ್ತು ವರ್ಷದಿಂದ ಸಹಾಯಕ ನರ್ಸ್. ಗಿಡ್ಡ ಸ್ಟೂಲಿನ ಮೇಲೆ ಕೂತು, ಸೊಂಟ ನೀವಿ, ನೋವು ಬಂದಾಗ ಜೊತೆಗೆ ಉಸಿರು ಬಿಡುವುದು ಅವಳ ಕೆಲಸ. ಅಷ್ಟೇನಾ ಎನ್ನುವವರು ಒಮ್ಮೆ ಹೆತ್ತು ನೋಡಬೇಕು.

ಆ ವರ್ಷ ಹೊಸ ಪದ್ಧತಿ ಬಂತು. ಮಗುವಿನ ಎದೆಬಡಿತ ಕಚೇರಿಯ ಪರದೆಯಲ್ಲೇ ಕಾಣುತ್ತದಂತೆ, ಕೋಣೆಯಲ್ಲಿ ಸುಮ್ಮನೆ ಕೂರುವುದು ದಂಡವಂತೆ. ಬಡಿತವೇನೋ ಕಂಡೀತು, ತಾಯಿಯ ಭಯ ಕಂಡೀತೇ? ಹೇಳಿದವರಿಗೆ ನಾಚಿಕೆಯೂ ಇರಲಿಲ್ಲ.

ಏಪ್ರಿಲ್ಲಿನ ಒಂದು ಬೆಳಿಗ್ಗೆ ತುವಾ ಬಂದಳು. ಇಪ್ಪತ್ತೆರಡರ ಚೊಚ್ಚಲ ಬಸುರಿ. ಗಂಡ ಗಣಿಯಿಂದ ಹೊರಟಿದ್ದ, ಐದು ಗಂಟೆಯ ದಾರಿ. ಹುಡುಗಿ ಗಡಗಡ ನಡುಗುತ್ತಿದ್ದಳು.

"ನನ್ ಕೈಲಾಗಲ್ಲ, ಹೊಟ್ಟೆ ಕುಯ್ದು ತೆಗ್ದುಬಿಡಿ!"

"ನಾನಿದೀನಿ ಪುಟ್ಟಿ. ಈಗಿರೋ ನೋವು ಒಂದೇ. ಮುಂದಿನ್ದನ್ನ ಈಗ್ಲೇ ಹೊರಬೇಡ" ಎಂದಳು ಗುನ್ವೋರ್.

ಬಾಗಿಲಲ್ಲಿ ಮುಖ್ಯಸ್ಥೆ ಪರ್ನಿಲ್ಲಾ ನಿಂತಿದ್ದಳು. "ಉಗ್ರಾಣದಲ್ಲಿ ಕೆಲ್ಸ ಬಿದ್ದಿದೆ. ನೀನಿಲ್ಲಿ ಏನ್ ಮಾಡ್ತಿದೀಯ?"

ಗುನ್ವೋರಳಿಗೆ ಮೈಯೆಲ್ಲ ಉರಿಯಿತು. ಕಿಟಕಿಯ ಬಳಿ ಕಾಫಿ ಆರಿಹೋಗಿದ್ದ ಲೋಟವನ್ನು ಎತ್ತಿಕೊಂಡಳು. "ಕಾಫಿ ವಿರಾಮ."

ಪರ್ನಿಲ್ಲಾ ಗಡಿಯಾರ ನೋಡಿಕೊಂಡು ಹೊರಟುಹೋದಳು. ಆ ನಾಡಿನಲ್ಲಿ ರಾಜನನ್ನಾದರೂ ಎಬ್ಬಿಸಬಹುದು, ಕಾಫಿಗೆ ಕೂತವರನ್ನು ಎಬ್ಬಿಸುವಂತಿಲ್ಲ.

ಹದಿನೈದು ನಿಮಿಷಕ್ಕೆ ಮತ್ತೆ ಬಂದಳು. "ಈಗ?"

"ಊಟದ ವಿರಾಮ."

ಅದೂ ಮುಗಿಯಿತು. ತುವಾ ಗಾಬರಿಯಿಂದ ಗುನ್ವೋರಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. ಅಷ್ಟರಲ್ಲಿ ಜೊತೆಯ ನರ್ಸ್ ಎಯ್ವೋರ್ ಲೋಟ ಹಿಡಿದು ಒಳಬಂದಳು. "ನನ್ ವಿರಾಮನೂ ನೀನೇ ತಗೋ. ಉಗ್ರಾಣ ನಾನ್ ನೋಡ್ಕೋತೀನಿ. ಮಿಕ್ಕೋರೂ ಕೊಡ್ತಾರಂತೆ."

ಹೀಗೆ ಆರು ಜನರ ಕಾಫಿ ಆರಿತು. ನಿಧಾನವಾಗಿ ತುವಾಳ ಉಸಿರು ಹದಕ್ಕೆ ಬಂತು. ಹೊಟ್ಟೆ ಕುಯ್ಯುವ ಮಾತು ಅವಳ ಬಾಯಿಂದ ಮತ್ತೆ ಬರಲಿಲ್ಲ. ಮಧ್ಯಾಹ್ನ ಸೂಲಗಿತ್ತಿ ಬಂದು ಹೆಣ್ಣುಮಗುವನ್ನು ಎತ್ತಿ ಅವಳ ಎದೆಯ ಮೇಲಿಟ್ಟಳು.

ಕಚೇರಿಯಲ್ಲಿ ಪರ್ನಿಲ್ಲಾ ಫಾರಂ ತುಂಬುತ್ತಿದ್ದಳು. ಕೋಣೆಯಲ್ಲಿ ಸಿಬ್ಬಂದಿಯ ಆಸರೆ: ಸೊನ್ನೆ ನಿಮಿಷ.

"ಸೊನ್ನೆನಾ?" ಎಂದಳು ಗುನ್ವೋರ್.

"ವಿರಾಮ ಅಂದ್ರೆ ಕೆಲ್ಸ ಅಲ್ವಲ್ಲ. ನೋಡು, ಯಾರೂ ಇಲ್ದೇನೇ ಎಷ್ಟು ಸಲೀಸಾಗಿ ಹೆತ್ಲು! ಇನ್ಮೇಲೂ ಹೀಗೇ ಆಗ್ಬಹುದು."

ಗುನ್ವೋರ್ ಅಂಗಿಯ ತೋಳು ಮಡಿಸಿ ಎಡಗೈಯನ್ನು ಆ ಸೊನ್ನೆಯ ಮೇಲೆಯೇ ಇಟ್ಟಳು. ಮಣಿಕಟ್ಟಿನಲ್ಲಿ ತುವಾಳ ಐದೂ ಉಗುರಿನ ಗುರುತುಗಳು ನೆತ್ತರು ಹೆಪ್ಪುಗಟ್ಟುವಷ್ಟು ಆಳವಾಗಿ ಮೂಡಿದ್ದವು.

"ಯಾರೂ ಇರ್ಲಿಲ್ವಾ? ಹಾಗಾದ್ರೆ ಇದು ಯಾರ ಕೈ, ಬರಿ."